ನುಹಾದ್ ಟೀವಿಯಲ್ಲಿ ಮಗನನ್ನು ಕರೆದಳು

ವರ್ಷಕ್ಕೊಂದು ದಿನ ಈ ಇಸ್ರೇಲ್ ದೇಶಕ್ಕೆ ನಾವು ನೆನಪಾಗುತ್ತೇವೆ. ಸತ್ತ ಸೈನಿಕರ ಸ್ಮರಣೆಯ ದಿನ. ಅಂದು ಯೆಹೂದಿ ಅಧಿಕಾರಿಗಳು ಕಾರಿನಲ್ಲಿ, ಅರಬಿ ಮಾತಾಡುವ ದ್ರೂಸ್ ಪಂಗಡದವರಾದ ನಮ್ಮ ಊರಿಗೆ ಬಂದು, ಊರ ಸಭೆಯ ಸದಸ್ಯನಾದ ನನ್ನ ಗಂಡ ಮುಫೀದನ ಹೆಗಲ ಮೇಲೆ ಕೈಹಾಕಿ, ನಾವೆಲ್ಲ ಅಣ್ಣತಮ್ಮಂದಿರು ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಾರೆ. ಸ್ವಲ್ಪ ದಿನಕ್ಕೆ ಅದೇ ಅಣ್ಣತಮ್ಮಂದಿರಿಂದ, ನಮ್ಮ ಮಗನಿಗೆಂದು ನಾವು ಕಟ್ಟಿದ ಮೇಲಿನ ಮಹಡಿಗೆ ಪರವಾನಗಿಯಿಲ್ಲ, ಕೆಡವಿ ಎಂದು ನೋಟಿಸು ಬರುತ್ತದೆ. ನಗಬೇಕೋ ಅಳಬೇಕೋ ನನಗಂತೂ ತಿಳಿಯದು.

ಹೋದ ವರ್ಷ ಅವರು ಕಾಫಿಗಷ್ಟೇ ಬರಲಿಲ್ಲ. ನಗರದ ದೊಡ್ಡ ಸಭೆಗೆ ನಮ್ಮವರಲ್ಲಿ ಸೈನಿಕ ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಬೇಕಿತ್ತು, ಬಿಳಿ ತಲೆವಸ್ತ್ರ ಹೊದ್ದವಳೇ ಆಗಬೇಕಿತ್ತು. ಮುಫೀದ್ ನನ್ನ ತಂಗಿ ನುಹಾದಳ ಹೆಸರು ಕೊಟ್ಟು ಬಂದ.

"ಇಡೀ ದೇಶ ನೋಡುತ್ತೆ ಕಣೇ ಬದೀಆ. ನಮ್ಮೋರ ಮುಖ ಟೀವಿಲಿ ಬರೋದು ಸಣ್ಣ ವಿಷಯಾನಾ?"

"ಮುಖ ಬಂದ್ರೆ ಮಹಡಿ ಉಳಿಯುತ್ತಾ?" ಎಂದೆ.

"ನಿನ್ನ ಬಾಯಿಗೊಂದು ಬೀಗ ಹಾಕ್ಬೇಕು ನೋಡು."

ನುಹಾದ್ ಒಪ್ಪುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಮಗ ಹಿಶಾಮ್ ಸೈನ್ಯದಲ್ಲಿ ಸತ್ತು ಏಳು ವರ್ಷವಾದರೂ ಅವಳು ಅವನ ಗೋರಿಯತ್ತ ಸುಳಿದವಳಲ್ಲ. ನಮ್ಮಲ್ಲಿ ಗೋರಿಗೆ ಅಂಥ ಬೆಲೆಯೂ ಇಲ್ಲ. ದೇಹವೆಂದರೆ ಅಂಗಿ. ಹರಿದ ಗಳಿಗೆಯಲ್ಲೇ ಜೀವ ಇನ್ನೊಬ್ಬ ದ್ರೂಸ್ ತಾಯಿಯ ಕೂಸಾಗಿ ಹೊಸ ಅಂಗಿ ತೊಡುತ್ತದೆ. ಮಾತು ಬಂದ ಮೇಲೆ ಕೆಲವು ಮಕ್ಕಳು ಹಳೆಯ ಮನೆ, ಹಳೆಯ ತಾಯಿಯನ್ನು ಹೇಳತೊಡಗುತ್ತವೆ. ಏಳೆಂಟು ವರ್ಷ ತುಂಬಿತೆಂದರೆ ಅದೂ ಮರೆತುಹೋಗುತ್ತದೆ. ನುಹಾದ್ ಯಾವ ಮದುವೆಗೆ ಹೋದರೂ ವಧುವನ್ನು ನೋಡುತ್ತಿರಲಿಲ್ಲ. ಹಿಶಾಮ್ ಸತ್ತ ವರ್ಷ ಹುಟ್ಟಿರಬಹುದಾದ ಗಂಡುಮಕ್ಕಳ ಮುಖವನ್ನೇ ಒಂದೊಂದಾಗಿ ನೋಡುತ್ತಿದ್ದಳು. ಯಾರೂ ಬಂದು ಅವಳ ಕೈ ಹಿಡಿಯಲಿಲ್ಲ. ಮನೆಗೆ ಬಂದು ಊಟ ಬಿಟ್ಟು ಮಲಗುತ್ತಿದ್ದಳು.

ಅಂಥವಳು ವೇದಿಕೆಗೆ ಹೂಂ ಎಂದಳು. ಅವರು ಹೀಬ್ರೂವಿನಲ್ಲಿ ಎರಡು ಸಾಲು ಬರೆದುಕೊಟ್ಟಿದ್ದರು. ನಾವು ಬೇರೆಬೇರೆ ಜನ, ಆದರೆ ನೋವೊಂದೇ, ಎಂದೇನೋ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ನುಹಾದ್ ಮೈಕಿನ ಮುಂದೆ ನಿಂತು, ಕ್ಯಾಮೆರಾವನ್ನು ನೆಟ್ಟ ಕಣ್ಣಿನಿಂದ ನೋಡುತ್ತ, ಅರಬಿಯಲ್ಲಿ ಹೇಳಿದಳು:

"ಎಲ್ಲಿದೀಯೋ ಕಂದಾ? ಈ ಮುಖ ನೆನಪಿದ್ರೆ ನಿಮ್ಮನೇಲಿ ಹೇಳು. ನಿಮ್ಮಮ್ಮ ಇನ್ನೂ ಕಾಯ್ತಿದಾಳೆ."

ಮುಫೀದ್ ಹಣೆ ಚಚ್ಚಿಕೊಂಡ. ನಿರೂಪಕಿ ಕಣ್ಣೊರೆಸಿಕೊಂಡು, ಸ್ವರ್ಗದಲ್ಲಿರುವ ಮಗನಿಗೆ ತಾಯಿಯ ಮಾತು ಎಂದು ದೇಶಕ್ಕೆಲ್ಲ ವಿವರಿಸಿದಳು. ಸಭೆಗೆ ಸಭೆಯೇ ಮೂಗು ಸೀಟಿತು. ಸ್ವರ್ಗವಂತೆ! ಅವನು ಯಾವುದೋ ಬೀದಿಯಲ್ಲಿ ಚಡ್ಡಿ ಹರಿದುಕೊಂಡು ಚೆಂಡು ಒದೆಯುತ್ತಿರಬೇಕು, ಅವನಿಗೆ ಹೇಳಿದ್ದು ಎಂದು ಕೂಗಿಬಿಡೋಣ ಅನ್ನಿಸಿತು ನನಗೆ. ಆದರೆ ದ್ರೂಸ್ ಮನೆಗಳಲ್ಲಿ ಟೀವಿ ನೋಡುತ್ತಿದ್ದ ಒಬ್ಬೊಬ್ಬರಿಗೂ ಅರ್ಥವಾಗಿತ್ತು. ಅವಳು ಏತಕ್ಕೆ ಒಪ್ಪಿದಳೆಂದು ನನಗೂ ಆಗಲೇ ಹೊಳೆದದ್ದು.

ಎರಡು ಊರಿನವರು ಫೋನ್ ಮಾಡಿದರು. ಒಂದು ಮಗುವಿಗೆ ನೆನಪಿದ್ದದ್ದು ಮುದುಕನ ಬಾಳು, ಇನ್ನೊಂದರ ವಯಸ್ಸು ಕೂಡಲಿಲ್ಲ. ಸೇಬು ಹೂಬಿಟ್ಟ ಸಮಯಕ್ಕೆ ಗೋಲಾನ್ ಬೆಟ್ಟದ ಮೇಲಿನ ಊರಿಂದ ಹೆಂಗಸೊಬ್ಬಳ ಪಿಸುದನಿ ಬಂತು. ಅವಳ ಹೆಸರು ಸುಲಾಫಾ.

"ನನ್ನ ಮಗ ಕಿನಾನ್ ಅವನ ಸೋದರಮಾವನ ಮನೇಲಿ ನಿಮ್ಮನ್ನ ಟೀವಿಲಿ ನೋಡಿ, ಅದು ನನ್ನಮ್ಮ ಅಂದ. ಅವತ್ತಿಂದ ತುತ್ತು ಮುಟ್ತಿಲ್ಲ ತಾಯಿ. ಇವ್ರು ತೋಟಕ್ಕೆ ಹೋದಾಗ ಬನ್ನಿ. ನೋಡಿ, ಹೌದೋ ಅಲ್ವೋ ಹೇಳ್ಬಿಡಿ."

ಕದ್ದು ಕರೆದದ್ದಕ್ಕೆ ಕಾರಣವಿತ್ತು. ಅವರೂ ದ್ರೂಸರೇ, ನಮ್ಮದೇ ನಂಬಿಕೆ. ಆದರೆ ಯುದ್ಧದಲ್ಲಿ ಇಸ್ರೇಲ್ ಸಿರಿಯಾದಿಂದ ಕಿತ್ತುಕೊಂಡ ಆ ಬೆಟ್ಟದಲ್ಲಿ ಬಹಳ ಮಂದಿ ತಾವು ಸಿರಿಯಾದವರೆಂದೇ ಉಳಿದವರು, ಈ ದೇಶದ ಪೌರತ್ವ ಬೇಡ ಎಂದವರು. ನಮ್ಮ ಹುಡುಗರು ಇಸ್ರೇಲಿನ ಸಮವಸ್ತ್ರ ತೊಡುತ್ತಾರೆಂದು ನಮ್ಮನ್ನು ಹಂಗಿಸುವವರು. ಅಂಥ ಮನೆಯಲ್ಲಿ ಹುಟ್ಟಿದ ಮಗ, ನಾನು ಆ ಸೈನಿಕ ಎಂದರೆ ಅಪ್ಪನಿಗೆ ಹೇಗಾಗಬೇಡ?

ದಾರಿಯುದ್ದಕ್ಕೂ ಕಾರು ಓಡಿಸುತ್ತ ನಾನು ಗೊಣಗುತ್ತಲೇ ಇದ್ದೆ.

"ಸುಮ್ನೆ ಆಸೆ ಇಟ್ಕೋಬೇಡ ಕಣೇ. ಟೀವಿಲಿ ನೋಡಿದ ಹುಡುಗ ಏನು ಬೇಕಾದ್ರೂ ಹೇಳ್ತಾನೆ."

"ಹೇಳ್ಲಿ ಬಿಡು ಅಕ್ಕ. ಒಂದ್ಸಲ ಯಮ್ಮಾ ಅನ್ನಿಸ್ಕೊಂಡು ಬರ್ತೀನಿ," ಎಂದಳು ನುಹಾದ್. ಮದುವೆಗೆ ಹೊರಟವಳ ಹಾಗೆ ಹೊಸ ತಲೆವಸ್ತ್ರ ಹೊದ್ದಿದ್ದಳು.

ಸುಲಾಫಾ ನನ್ನ ಸೊಸೆಯಾಗುವಷ್ಟು ಚಿಕ್ಕವಳು. ನಮ್ಮನ್ನು ಕೂರಿಸಿ, ಸೋರೆಬುರುಡೆಯ ಬಟ್ಟಲಲ್ಲಿ, ಚಹಾದ ಹಾಗೆ ಹೀರಿ ಕುಡಿಯುವ ಮಾಟೆ ಎಲೆ ತುಂಬಿ, ಕೊಳವೆ ಸಿಕ್ಕಿಸಿ, ಬಿಸಿನೀರು ಹೊಯ್ದಳು.

"ಹೌದು ಅಂದ್ರೆ ನಾನು ಅಡ್ಡ ಬರಲ್ಲ," ಎಂದಳು ತಲೆ ಎತ್ತದೆ. "ಹಬ್ಬಕ್ಕೆ ಕರ್ಕೊಂಡು ಹೋಗಿ. ರಜಕ್ಕೆ ಕರ್ಕೊಂಡು ಹೋಗಿ. ನಮ್ಮವರಲ್ಲಿ ನಡ್ಕೊಂಡು ಬಂದಿರೋದೇ ಹಾಗಲ್ವಾ. ಇವ್ರಿಗೆ ನಾನು ಹೇಗೋ ಹೇಳ್ತೀನಿ."

ಅಷ್ಟರಲ್ಲಿ ಹುಡುಗ ಒಳಕೋಣೆಯಿಂದ ಬಂದ. ಬಡಕಲು ಮೈ, ದೊಡ್ಡ ಕಿವಿ. ಹಿಶಾಮನ ಯಾವ ಹೋಲಿಕೆಯೂ ಇರಲಿಲ್ಲ, ಇರಬೇಕೆಂದೂ ಇಲ್ಲ. ಅವನು ನನ್ನನ್ನು ಕಣ್ಣೆತ್ತಿಯೂ ನೋಡದೆ ನೆಟ್ಟಗೆ ನುಹಾದಳ ಎದುರು ಹೋಗಿ ನಿಂತ. ಅವಳ ಎಡಗೈಯ ತೋಳಿನ ಬಟ್ಟೆಯ ಮೇಲೆ, ಮಣಿಕಟ್ಟಿಗಿಂತ ತುಸು ಮೇಲೆ ಬೆರಳಿಟ್ಟ.

"ಯಮ್ಮಾ, ಇಲ್ಲಿನ್ನೂ ಉರಿಯುತ್ತಾ?"

ಹಿಶಾಮ್ ಚಿಕ್ಕವನಿದ್ದಾಗ ಓಡಿಬಂದು ಅಮ್ಮನಿಗೆ ಡಿಕ್ಕಿ ಹೊಡೆದು, ಅವಳ ಕೈ ಕಾದ ರೊಟ್ಟಿಹಂಚಿನ ಮೇಲೆ ಬಿದ್ದಿತ್ತು. ಆ ಸುಟ್ಟ ಗಾಯ ಇದ್ದದ್ದು ಅಲ್ಲೇ. ಅವಳು ತುಂಬುತೋಳಿನ ಅಂಗಿಯಿಲ್ಲದೆ ಹೊರಗೆ ಬಂದವಳಲ್ಲ, ಟೀವಿಯಲ್ಲೂ ಆ ಕಲೆ ಕಂಡಿರಲಿಲ್ಲ. ಅಯ್ಯೋ ದೇವರೇ, ಅವನೇ! ಬಾಚಿ ತಬ್ಬಿಕೋಬಾರದೇನೇ ಎಂದು ತಂಗಿಯನ್ನು ನೋಡಿದೆ. ಅವಳ ಕೈ ಆಗಲೇ ಹುಡುಗನ ಕೆನ್ನೆಯ ಹತ್ತಿರ ಹೋಗಿತ್ತು.

ಹುಡುಗ ಅಲ್ಲಿಂದಲೇ ಸುಲಾಫಾಳತ್ತ ತಿರುಗಿ, ತುಂಬ ಕಾಳಜಿಯಿಂದ ಕೇಳಿದ:

"ಹಂಗಾದ್ರೆ ನಿನ್ನ ಇನ್ಮೇಲೆ ಏನಂತ ಕರೀಲಿ?"

ಸುಲಾಫಾ ನೀರಿನ ಕೆಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ನುಹಾದ್ ಅವಳನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಹಿಂದೆಗೆದು ತೋಳಿನ ಬಟ್ಟೆಯನ್ನು ಬೆರಳತನಕ ಎಳೆದುಕೊಂಡಳು.

"ಅಲ್ಲಿ ನನಗೇನೂ ಆಗಿಲ್ವಲ್ಲಪ್ಪ," ಎಂದಳು. "ನೀನು ಬೇರೆ ಯಾರನ್ನೋ ಅಂದ್ಕೊಂಡಿದೀಯ. ನಾನು ನಿನ್ನಮ್ಮ ಅಲ್ಲ ಮರಿ. ನಿನ್ನಮ್ಮ ಅಲ್ಲಿ ನಿಂತಿದಾಳೆ ನೋಡು, ಹೋಗು, ಅಮ್ಮ ಅಂತ ಕರಿ. ಊಟ ಬಿಟ್ಟು ಅವಳನ್ನ ಅಳಿಸ್ಬೇಡ."

"ಹೌದಾ? ನೀನಲ್ವಾ?"

"ಅಲ್ಲ ಕಂದ."

ಹುಡುಗ ಇನ್ನೂ ಸ್ವಲ್ಪ ಹೊತ್ತು ಅವಳ ಮುಖವನ್ನೇ ದಿಟ್ಟಿಸಿದ. ಆಮೇಲೆ ಹೋಗಿ ಸುಲಾಫಾಳ ಲಂಗಕ್ಕೆ ಮುಖ ಒತ್ತಿಕೊಂಡ. ನಾವು ಎದ್ದೆವು. ಬಾಗಿಲಲ್ಲಿ ಸುಲಾಫಾ ನುಹಾದಳ ಕೈ ಹಿಡಿದು ಮುತ್ತಿಟ್ಟು ಬಿಕ್ಕಿದಳು. ಅವಳಿಗೆ ಗೊತ್ತಾಗಿತ್ತೋ ಇಲ್ಲವೋ, ನಾನು ಹೇಳಲಾರೆ.

ಕಾರು ಹತ್ತಿದ್ದೇ ನಾನು ಸಿಡಿದೆ.

"ಹುಚ್ಚೀ! ಏಳು ವರ್ಷ ಜೀವ ಹಿಂಡ್ಕೊಂಡೆಯಲ್ಲೇ! ನಿನ್ನ ಮಗನೇ ಕಣೇ ಅವನು! ಇನ್ನೊಂದು ವರ್ಷಕ್ಕೆ ಅವನಿಗೆ ಎಲ್ಲಾ ಮರೆತೇ ಹೋಗುತ್ತೆ, ಗೊತ್ತಲ್ವಾ ನಿಂಗೆ?"

"ಗೊತ್ತು."

ತಿರುವುಗಳಲ್ಲಿ ಇಳಿಯುತ್ತ ಬಂದೆವು. ಆ ಊರು ಕಣ್ಮರೆಯಾಗುವ ಹೊತ್ತಿಗೆ ನುಹಾದ್ ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡಿದಳು.

"ಅಕ್ಕಾ," ಎಂದಳು, "ಅಲ್ಲಿ ಚಳಿಗಾಲದಲ್ಲಿ ತುಂಬ ಹಿಮ ಬೀಳುತ್ತಲ್ವಾ? ನಮ್ಮ ಹಿಶಾಮನಿಗೆ ಚಳಿ ಒಂಚೂರೂ ತಡೆಯಲ್ಲ."