ತಂಗಿ ಕಾಣದ ದಂಡೆ

"ಗಲ್ಲ ಸ್ವಲ್ಪ ಮೇಲೆ," ಎಂದ ಪತ್ರಿಕೆಯ ಫೋಟೋಗ್ರಾಫರ್. "ಮೇಡಂ, ನೀವು ಪಕ್ಕಕ್ಕೆ ಬರ್ತೀರಾ? ನೆರಳು ಬೀಳ್ತಿದೆ."

ತಂಗಿಯ ಕಾಲರ್ ಸರಿಮಾಡುತ್ತಿದ್ದ ಅಕ್ಕ ಕೈ ತೆಗೆದಳು. ಪಕ್ಕಕ್ಕೆ ಎಂದರೆ ಜೆರಾಕ್ಸ್ ಯಂತ್ರದ ಹಿಂದೆ. ಅವಳು ಜೂನಿಯರ್ ಆಗಿದ್ದ ಆ ವಕೀಲರ ಕಚೇರಿಯಲ್ಲಿ ಬೇರೆ ಜಾಗವಿರಲಿಲ್ಲ. ಫ್ಲ್ಯಾಶ್ ಮಿಂಚಿದಾಗಲೆಲ್ಲ ಅವಳ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಗುತ್ತಿತ್ತು.

ಮೊಕದ್ದಮೆ ಹುಟ್ಟಿದ್ದು ಅವಳದೇ ತಲೆಯಲ್ಲಿ. ಕಡಲು, ದಂಡೆ, ಗಾಳಿ ಸರಕಾರದ ಸ್ವಂತ ಆಸ್ತಿಯಲ್ಲ. ಜನರ ಪರವಾಗಿ, ಇನ್ನೂ ಹುಟ್ಟದವರ ಪರವಾಗಿಯೂ, ಸರಕಾರ ಬರೀ ಕಾವಲಿಗಿದೆ. ಕಾವಲಿಗಿದ್ದವರೇ ಹೊಗೆಕೊಳವೆಗಳಿಗೆ ಪರವಾನಗಿ ಕೊಟ್ಟು, ಭೂಮಿ ಕಾದು, ಕಡಲು ಏರಿ ದಂಡೆ ಮುಳುಗಿದರೆ ಉತ್ತರ ಹೇಳಬೇಕು. ಇಷ್ಟನ್ನೂ ಎಳೆ ಎಳೆಯಾಗಿ ಹೆಣೆದವಳು ಅವಳು. ಅರ್ಜಿದಾರಳಾಗಿ ನಿಂತವಳು ಮಾತ್ರ ಕಾಲೇಜಿಗೆ ಹೋಗುವ ತಂಗಿ. "ಕೇಸು ನಡೆಸೋರೇ ಕೇಸು ಹಾಕೋಕಾಗಲ್ಲ ಕಣಮ್ಮ. ಜಡ್ಜ್ ಎದುರು ಎಳೇ ಮುಖ ಇರ್ಲಿ," ಎಂದಿದ್ದರು ಸೀನಿಯರ್. ತನ್ನ ಮುಖ ಯಾವಾಗ ಬಲಿಯಿತೋ ಅಕ್ಕನಿಗೆ ತಿಳಿಯಲಿಲ್ಲ.

ಫೋಟೋಗ್ರಾಫರ್ ಹೋದ. ಅಕ್ಕ ಬರೆದಿದ್ದ, ತಾನು ಸಹಿ ಹಾಕಿ ಕೋರ್ಟಿಗೆ ಕೊಡಬೇಕಾದ ಪ್ರಮಾಣಪತ್ರವನ್ನು ತಂಗಿ ಜೋರಾಗಿ ಓದತೊಡಗಿದಳು.

"'ನಾನು ಈಜು ಕಲಿತದ್ದು ಈ ದಂಡೆಯಲ್ಲಿ. ಅಪ್ಪ ನನ್ನ ಹೊಟ್ಟೆಯಡಿ ಅಂಗೈ ಇಟ್ಟು ತೇಲಿಸುತ್ತಿದ್ದರು. ಯಾವಾಗಲೋ ಅಂಗೈ ತೆಗೆದದ್ದು ನನಗೆ ಗೊತ್ತೇ ಆಗಲಿಲ್ಲ...' ಅಕ್ಕಾ, ನಂಗೆ ಈಜೇ ಬರಲ್ವಲ್ಲೇ!"

ಅಕ್ಕನ ಕಿವಿ ಬಿಸಿಯಾಯಿತು. ತಂಗಿಯ ನಷ್ಟ ಬರೆಯಲು ಕೂತವಳು ತನ್ನದನ್ನೇ ಬರೆದುಬಿಟ್ಟಿದ್ದಳು.

"ಏನೀಗ? ಪೇಪರಲ್ಲಿ ಮುಖ ನಿಂದು, ಹೆಸರು ನಿಂದು. ಅದೊಂದಾದ್ರೂ ನಂದಿರಬಾರದಾ?"

"ಅಬ್ಬಾ, ಹೊಟ್ಟೆಕಿಚ್ಚು!" ತಂಗಿ ನಕ್ಕಳು.

"ಹೌದು ಕಣೇ."

ತಂಗಿಯ ನಗು ನಿಂತಿತು. "ನಂಗಿಲ್ಲ ಅಂದ್ಕೊಂಡ್ಯಾ? ಅಪ್ಪ ಹೋದಾಗ ನಾನು ತೊಟ್ಟಿಲಲ್ಲಿದ್ದೆ. ನಂಗೆ ಬುದ್ಧಿ ಬರೋ ಹೊತ್ತಿಗೆ ಅಲ್ಲಿ ಮರಳೇ ಇಲ್ಲ, ಕಾಂಕ್ರೀಟ್ ತಡೆಗೋಡೆ. ಮನೆಗೆ ಯಾರು ಬಂದ್ರೂ ನಿಂದು ಅದೇ ಕತೆ: ನೀನು, ಅಪ್ಪ, ಆ ಅಂಗೈ. ಕೇಳಿ ಕೇಳಿ ನಂಗೆ ಅನ್ನ ಇಳೀತಿರ್ಲಿಲ್ಲ."

ಒಳಗಿನಿಂದ ಸೀನಿಯರ್ ಕೂಗಿದರು: "ಸಹಿ ಆಯ್ತೇನಮ್ಮಾ? ಇವತ್ತೇ ಫೈಲ್ ಆಗ್ಬೇಕು!"

ಆ ಸಾಲುಗಳನ್ನು ಹೊಡೆದುಹಾಕಬಹುದಿತ್ತು. ಹೊಡೆದರೆ ಕೇಸಿನ ಇಡೀ ಕಟ್ಟಿನಲ್ಲಿ ಅಕ್ಕ ಎಲ್ಲಿಯೂ ಇರುತ್ತಿರಲಿಲ್ಲ. ಇಟ್ಟರೆ ಸುಳ್ಳು ಪ್ರಮಾಣ. ಅದೂ ಅವಳಿಗೆ ಗೊತ್ತಿತ್ತು. ಪೆನ್ನಿನ ಮುಚ್ಚಳ ತೆಗೆದು ತಂಗಿಯ ಕೈಗೆ ಹಿಡಿಸಿದಳು.

"ತಗೋ. ಇನ್ಮೇಲೆ ಅದು ನಿಂದೇ. ಅಪ್ಪ ಕಲಿಸಿದ್ದು ನಿನಗೆ ಅಂತಿರ್ಲಿ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ."

ತಂಗಿ ಪೆನ್ನನ್ನು ಮೇಜಿನ ಮೇಲಿಟ್ಟಳು.

"ನಂಗೆ ಬೇಡ. ನಾನು ಕಂಡಿದ್ದು ಗೋಡೆ, ಅದನ್ನೇ ಬರಿ."