ದುರ್ಗವ್ವನ ಮೊಮ್ಮಗಳು

ಬಾಳೇಶ ಮಗಳ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಾಗ ದುರ್ಗವ್ವನ ಶವಕ್ಕೆ ಇನ್ನೂ ನೀರು ಹಾಕಿರಲಿಲ್ಲ.

"ಮಣ್ಣಾದ್ರೂ ಆಗ್ಲಿ ಇರಪ್ಪ," ಎಂದರು ಮನೆಯ ಮಾಲೀಕರ ಹೆಂಡತಿ ವಿಮಲಮ್ಮ.

"ಸಂಜಿ ಬಸ್ಸಿಗೆ ಹೋಗಬೇಕ್ರಿ. ನನ್ನ ಮಗಳನ್ನ ಒಯ್ಯಾಕ ಯಾರನ್ನ ಕೇಳಬೇಕು?"

ಹನ್ನೊಂದು ವರ್ಷದ ನೀಲಾಂಬಿಕಾ ಅಜ್ಜಿಯ ಕಾಲ ಬಳಿ ಕುಳಿತಿದ್ದಳು. ಆತ ಒಳಗೆ ಬಂದಾಗ ಯಾರೆಂದು ಅವಳಿಗೆ ತಿಳಿದಿರಲಿಲ್ಲ. ವಿಮಲಮ್ಮನೇ ಕಿವಿಯಲ್ಲಿ ಹೇಳಬೇಕಾಯಿತು.

ವಿಮಲಮ್ಮ ಓಣಿಯ ತುದಿಯ ಅಂಗಡಿಗೆ ಹೋಗಿ ವಕೀಲೆ ಜಗದಾಂಬಾ ಅವರಿಗೆ ಫೋನ್ ಮಾಡಿದರು.

*

ಮಗಳು ಸುಟ್ಟು ಸತ್ತ ಮೇಲೆ ದುರ್ಗವ್ವ ಮೊಮ್ಮಗಳನ್ನು ಎತ್ತಿಕೊಂಡು ಬಾಪೂಜಿ ನಗರಕ್ಕೆ ಬಂದಿದ್ದಳು. ಸ್ಟವ್ ಸಿಡಿಯಿತೆಂದು ಅಳಿಯ ಬಾಳೇಶನ ಮನೆಯವರು ಹೇಳಿದರು. ಬೇರೆ ಸಾಕ್ಷಿ ಸಿಗಲಿಲ್ಲ. ಆ ಮನೆಯಲ್ಲಿ ಇದ್ದದ್ದು ಕಟ್ಟಿಗೆಯ ಒಲೆ ಮಾತ್ರ ಎಂದು ದುರ್ಗವ್ವ ಸಿಕ್ಕವರಿಗೆಲ್ಲ ಹೇಳಿದಳು. ಛತ್ರದಲ್ಲಿ ಪಾತ್ರೆ ತಿಕ್ಕುತ್ತ ಮಗುವನ್ನು ಸಾಕಿದಳು.

ಮಗು ತನಗೆ ಬೇಕೆಂದು ಬಾಳೇಶ ಕೇಸು ಹಾಕಿದಾಗ, ಕಾನೂನು ನೆರವಿನಲ್ಲಿ ಅವಳಿಗೆ ಸಿಕ್ಕವರು ಜಗದಾಂಬಾ.

"ಪುಕ್ಕಟೆ ವಕೀಲರು ಅಂತೀರಿ. ಖರೇನ ಮಾತಾಡ್ತೀರೇನ್ರಿ?"

"ಮಾತಾಡ್ತೀನಿ. ನೀವು ಒಂದು ತಾರೀಖೂ ತಪ್ಪಿಸ್ಬೇಡಿ."

ಅವಳು ತಪ್ಪಿಸಲಿಲ್ಲ, ಜ್ವರದಲ್ಲೂ ಮಗುವನ್ನು ಹೊತ್ತು ಕೋರ್ಟಿನ ಮೆಟ್ಟಿಲ ಮೇಲೆ ಕೂತಳು. ಮಗು ಅಜ್ಜಿಯ ಬಳಿಯೇ ಇರಲಿ ಎಂದು ಆದೇಶವಾಯಿತು. ಆವತ್ತು ದುರ್ಗವ್ವ ನಗಲಿಲ್ಲ.

"ನಾ ಸತ್ರ?"

"ಅದನ್ನ ಆಗ ನೋಡೋಣ ಬಿಡಿ ಅಜ್ಜಿ," ಎಂದಿದ್ದರು ಜಗದಾಂಬಾ.

*

ಜಗದಾಂಬಾ ಬರುವಷ್ಟರಲ್ಲಿ ಶವ ಚಟ್ಟದ ಮೇಲಿತ್ತು. ಅವರು ವಿಮಲಮ್ಮನನ್ನು ಪಕ್ಕಕ್ಕೆ ಕರೆದರು.

"ಅಜ್ಜಿಗೆ ಕೊಟ್ಟ ಹಕ್ಕು ಅಜ್ಜಿ ಜೊತೇಲೇ ಹೋಯ್ತು. ಅಪ್ಪನ ಜೊತೆ ಹೋಗೋಕೆ ಹುಡುಗಿ ಹೆದರ್ತಾಳೆ ಅಂದ್ರೆ ಇವತ್ತೇ ಮಕ್ಕಳ ಕಲ್ಯಾಣ ಸಮಿತಿಗೆ ಕರ್ಕೊಂಡು ಹೋಗ್ತೀನಿ. ತೀರ್ಮಾನ ಆಗೋವರೆಗೂ ಬಾಲಮಂದಿರದಲ್ಲಿ ಇರ್ಬೇಕಾಗುತ್ತೆ. ನೀವು ಇಟ್ಕೋತೀವಿ ಅಂದ್ರೆ ನಿಮ್ಮ ಹೆಸರು ಹೇಳಿ ನೋಡ್ತೀನಿ."

ವಿಮಲಮ್ಮ ಗಂಡನತ್ತ ನೋಡಿದರು. ಚಟ್ಟದ ಹಗ್ಗ ಬಿಗಿಯುತ್ತಿದ್ದ ಬೈರಪ್ಪ ತಲೆಯೆತ್ತಲಿಲ್ಲ.

"ಬಾಲಮಂದಿರದಲ್ಲಿ ಊಟ ಚೆನ್ನಾಗಿರುತ್ತಾ ಮೇಡಂ?" ಎಂದರು ವಿಮಲಮ್ಮ.

ಜಗದಾಂಬಾ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ವಿವರಿಸಿದರು.

"ಅಲ್ಲಿ ಎಷ್ಟು ದಿನ?" ನೀಲಾ ಕೇಳಿದಳು.

"ಗೊತ್ತಿಲ್ಲ ಕಣಮ್ಮ."

"ಸ್ಕೂಲಿಗೆ ಕಳಿಸ್ತಾರಾ?"

"ಕಳಿಸ್ತಾರೆ."

ಬಾಳೇಶ ಚೀಲ ಕೆಳಗಿಟ್ಟು ಹತ್ತಿರ ಬಂದ. "ನಾ ನಿನ್ನ ಅಪ್ಪ ಅದೀನಿ, ನೀಲಾ."

ಅವಳು ಮೊದಲ ಸಲ ಅವನ ಮುಖವನ್ನು ನೇರ ನೋಡಿದಳು. "ಊರಲ್ಲಿ ನಮ್ಮನೇಲಿ ಸ್ಟವ್ ಇತ್ತಾ?"

ಬಾಳೇಶ ಬಾಯಿ ತೆರೆದ. ವಕೀಲೆಯನ್ನು ನೋಡಿದ, ಶವವನ್ನು ನೋಡಿದ.

"ಮೇಡಂ ಜೊತೆ ಹೋಗ್ತೀನಿ," ಎಂದಳು ನೀಲಾ.

*

ಸ್ಮಶಾನದಲ್ಲಿ ಗುಂಡಿಯ ಅಂಚಿನ ಹಸಿಮಣ್ಣು ಜಾರಿ ಹುಡುಗಿ ಮುಗ್ಗರಿಸಿದಳು. ಬಾಳೇಶ ಕೈ ಚಾಚಿದ. ಅವಳು ಎರಡೂ ಅಂಗೈಗಳನ್ನು ನೆಲಕ್ಕೂರಿ ತಾನೇ ಎದ್ದಳು. ಹಿಡಿ ಮಣ್ಣು ಹಾಕಿ ಹಿಂದೆ ಸರಿದಳು.

ಗೇಟಿನಾಚೆ ಜಗದಾಂಬಾ ಕರೆಸಿದ್ದ ಆಟೊ ಕಾಯುತ್ತಿತ್ತು. ವಿಮಲಮ್ಮ ಅವಳನ್ನು ನಲ್ಲಿಯ ಬಳಿ ಕರೆದೊಯ್ದು, ಬೆರಳ ಸಂದುಗಳನ್ನೆಲ್ಲ ಉಜ್ಜಿ ಕೈ ತೊಳೆಸಿದರು. ಮಣ್ಣು ಪೂರಾ ಹೋಯಿತು. ಆಟೊದವನು ಎರಡು ಸಲ ಹಾರ್ನ್ ಹೊಡೆದ. ವಿಮಲಮ್ಮ ಆ ಪುಟ್ಟ ಕೈಗಳನ್ನು ಬಿಡದೆ ನೀರಿನಡಿ ಉಜ್ಜುತ್ತಲೇ ಇದ್ದರು.