ಖಾಲಿ ತಟ್ಟೆಯಲ್ಲಿ ಕೆಂಪು ಎಳೆ

ಮನೆಯವರು ಅವಳಿಗೆ ಇಟ್ಟ ಅಡ್ಡಹೆಸರು ಭೂತಗನ್ನಡಿ. ಎಲ್ಲದರಲ್ಲೂ ಹುಳುಕು ಹುಡುಕುವ ಚಾಳಿ ಚಿಕ್ಕಂದಿನಿಂದಲೇ ಇತ್ತು. ಈಗ ಅದೇ ಹೊಟ್ಟೆಪಾಡಾಗಿತ್ತು. ಮೀನುಗಾರಿಕೆ ಕಚೇರಿಯ ಲ್ಯಾಬಿನಲ್ಲಿ ಕೂತು ಕಪ್ಪೆಚಿಪ್ಪಿನ ಮಾಂಸವನ್ನು ದ್ರಾವಣದಲ್ಲಿ ಕರಗಿಸಿ, ಸೋಸಿ, ಕರಗದೆ ಉಳಿದ ಪ್ಲಾಸ್ಟಿಕ್ ಎಳೆಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುವುದು ಅವಳ ಕೆಲಸ.

ಈ ಸಲ ಬಂದ ಚಿಪ್ಪು ಸ್ವಂತ ಅಕ್ಕನದು. ಕೊಲ್ಲಿಯ ನೀರಿಗೆ ಹಗ್ಗ ಇಳಿಬಿಟ್ಟು, ಅದಕ್ಕೆ ಅಂಟಿ ಬೆಳೆದ ಚಿಪ್ಪನ್ನು ಕಿತ್ತು ಮಾರುವ ಹೆಂಗಸರಲ್ಲಿ ಅಕ್ಕನೂ ಒಬ್ಬಳು. ಅವಳ ಅವಳಿ ಮಕ್ಕಳು ಹಲ್ಲು ಪೂರ್ತಿ ಬರುವ ಮೊದಲೇ ಆ ಮಾಂಸ ಚಪ್ಪರಿಸಲು ಕಲಿತಿದ್ದವು. "ಮಕ್ಕಳಿಗೆ ತಿನ್ನಿಸ್ಲೋ ಬೇಡ್ವೋ, ಅದೊಂದು ಹೇಳಿಬಿಡು ಸಾಕು," ಎಂದು ಅಕ್ಕ ಬೆಳಿಗ್ಗೆಯಿಂದ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

ಚಿಪ್ಪಿನಲ್ಲಿ ಸಿಕ್ಕಿದ್ದು ಮೂವತ್ತೆಂಟು ಎಳೆ. ಎಲ್ಲವೂ ನೀಲಿ.

ಲ್ಯಾಬಿನಲ್ಲೊಂದು ಕಟ್ಟಳೆಯಿತ್ತು. ಚಿಪ್ಪು ಬಿಡಿಸುವಾಗ ಪಕ್ಕದಲ್ಲೊಂದು ಖಾಲಿ ತಟ್ಟೆ ತೆರೆದಿಡಬೇಕು. ಬಟ್ಟೆಬರೆಯಿಂದ ಉದುರಿ ಗಾಳಿಯಲ್ಲಿ ಹಾರಿ ಬರುವ ಎಳೆ ಅದರಲ್ಲಿ ಬೀಳುತ್ತದೆ. ಚಿಪ್ಪಿನ ಮೇಲೂ ಅಷ್ಟೇ ಬಿದ್ದಿರಬಹುದೆಂದು, ಬಿದ್ದಷ್ಟನ್ನು ಚಿಪ್ಪಿನ ಎಣಿಕೆಯಿಂದ ಕಳೆಯಬೇಕು. ಆದ್ದರಿಂದಲೇ ಅಲ್ಲಿ ಹತ್ತಿಬಟ್ಟೆ ಬಿಟ್ಟು ಬೇರೇನೂ ತೊಡುವಂತಿಲ್ಲ. ಕಚೇರಿಯ ಮುಖ್ಯಸ್ಥರಾದ ಸಾಹೇಬರ ಪ್ರಕಾರ ಕಟ್ಟಳೆ ಇರುವುದು ಕೈಕೆಳಗಿನವರಿಗೆ. ಏಸಿ ಚಳಿಯೆಂದು ಕೆಂಪು ಸ್ವೆಟರ್ ಏರಿಸಿಕೊಂಡು ಬಂದವರು, ಖಾಲಿ ತಟ್ಟೆಯ ಮೇಲೇ ಬಾಗಿ, ತೋಳು ಕೆರೆದುಕೊಳ್ಳುತ್ತ ಅರ್ಧ ಗಂಟೆ ಫೋನಿನಲ್ಲಿ ಹರಟಿದ್ದರು. ಅಪ್ಪಟ ಉಣ್ಣೆ ಎಂದು ಅವರು ಜಂಬ ಕೊಚ್ಚುವ ಆ ಸ್ವೆಟರಿನಲ್ಲಿ ಉಣ್ಣೆ ಹೆಸರಿಗೂ ಇರಲಿಲ್ಲ, ಬರೀ ಪ್ಲಾಸ್ಟಿಕ್. ತಟ್ಟೆಗೆ ಉದುರಿದ್ದು ನಲವತ್ತು ಎಳೆ. ಎಲ್ಲವೂ ಕೆಂಪು.

"ಮೂವತ್ತೆಂಟರಲ್ಲಿ ನಲವತ್ತು ಕಳೆದ್ರೆ ಏನೂ ಉಳಿಯಲ್ಲ," ಎಂದರು ಸಾಹೇಬರು. "ಚಿಪ್ಪು ಶುದ್ಧ. ಸಹಿ ಹಾಕಿ ಕಳಿಸಿಬಿಡಿ."

"ಸರ್, ತಟ್ಟೇಲಿರೋದು ಕೆಂಪು, ಚಿಪ್ಪಲ್ಲಿರೋದು ನೀಲಿ. ಕೆಂಪು ಕಳೆದ್ರೆ ನೀಲಿ ಹೇಗೆ ಹೋಗುತ್ತೆ?"

"ಫಾರಂನಲ್ಲಿ ಬಣ್ಣಕ್ಕೆ ಕಾಲಂ ಇದೆಯೇನ್ರೀ?"

ಇರಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಾಡಹಗಲೇ ಊರಿನ ಕಣ್ಣಿಗೆ ಮಣ್ಣೆರಚಲು ಈ ಮನುಷ್ಯನಿಗೆ ಒಂದು ಕಳೆಯುವ ಚಿಹ್ನೆ ಸಾಕಾಯಿತಲ್ಲ!

"ನಾನು ಸಹಿ ಹಾಕಲ್ಲ ಸರ್."

"ಅಕ್ಕನ ಹೊಟ್ಟೆ ಮೇಲೆ ತಂಗಿಯೇ ಹೊಡೀತೀರಾ? ಒಂದ್ಸಲ ಯೋಚ್ನೆ ಮಾಡಿ," ಎಂದು ಅವರು ನಕ್ಕರು.

ಆ ಮಾತು ಚುಚ್ಚಿತು. ಹೊಟ್ಟೆ ಅಕ್ಕನದಾದರೆ ಅಕ್ಕನೇ ಹೇಳಲಿ ಎಂದು ಅವಳು ಬಾಗಿಲು ತೆರೆದು ಅಕ್ಕನನ್ನು ಒಳಗೆ ಕರೆದಳು, ಹತ್ತಿಯ ಏಪ್ರನ್ ತೊಡಿಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಅಕ್ಕ ಒಂದು ಕಣ್ಣು ಮುಚ್ಚಿ ನೋಡಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಭೂತಗನ್ನಡಿ, ಇದು ನಮ್ಮ ಹಗ್ಗ ಕಣೇ."

"ಯಾವ ಹಗ್ಗ?"

"ಹೋದ ವರ್ಷ ಈ ಸಾಹೇಬ್ರೇ ದಡಕ್ಕೆ ಬಂದು, ಫೋಟೋ ತೆಗೆಸ್ಕೊಂಡು ಹಂಚಿದ್ರಲ್ಲ, ನೀಲಿ ಪ್ಲಾಸ್ಟಿಕ್ ಹಗ್ಗ. ನಮ್ಮ ಹಳೇ ನಾರಿನ ಹಗ್ಗ ಬಿಸಾಕ್ಸಿದ್ರು. ಇದು ಹತ್ತು ವರ್ಷ ಬಾಳುತ್ತೆ ಅಂದ್ರು. ಎರಡೇ ತಿಂಗಳಿಗೆ ಜುಂಗು ಬಿಡೋಕೆ ಶುರುವಾಯ್ತು. ಹೇಳೋಕೆ ಬಂದ್ರೆ, ಹಗ್ಗ ಅಂದ್ಮೇಲೆ ಜುಂಗಿರಲ್ವಾ ಅಂತ ಓಡಿಸಿದ್ರು."

ಸಾಹೇಬರು ಗಡಿಯಾರ ನೋಡಿಕೊಂಡರು. ಖಾಲಿ ತಟ್ಟೆಯೊಂದರ ಮೇಲೆ ಅರ್ಧ ಗಂಟೆ ಬಾಗಿ ನಿಲ್ಲುವಷ್ಟು ಪ್ರೀತಿ ಅವರಿಗೆ ಯಾಕೆ ಬಂತೆಂದು ತಂಗಿಗೆ ಆಗ ಹೊಳೆಯಿತು.

"ನನ್ನ ಮಕ್ಕಳಿಗೆ ಕೈಯಾರೆ ಹಗ್ಗ ತಿನ್ನಿಸಿದ್ದೀನಿ," ಎಂದಳು ಅಕ್ಕ. "ವ್ಯಾಪಾರ ಹಾಳಾಗಿ ಹೋಗ್ಲಿ. ನೀನು ಬರಿ. ಇದ್ದದ್ದು ಇದ್ದ ಹಾಗೆ ಬರಿ."

ಫಾರಂನಲ್ಲಿ ಬಣ್ಣಕ್ಕೆ ಕಾಲಂ ಇರಲಿಲ್ಲ, ನಿಜ. ಆದರೆ ಕೊನೆಯಲ್ಲಿ 'ಷರಾ' ಎಂಬ ಕಾಲಂ ಇತ್ತು. ಇಷ್ಟು ವರ್ಷ ಅವಳು ಅದರಲ್ಲಿ 'ಏನೂ ಇಲ್ಲ' ಎಂದೇ ಬರೆದಿದ್ದಳು. ಈ ಸಲ ದುಂಡಗೆ, ಕನ್ನಡಕವಿಲ್ಲದವರಿಗೂ ಕಾಣುವಷ್ಟು ದಪ್ಪಗೆ ಬರೆದಳು:

"ಖಾಲಿ ತಟ್ಟೆಯಲ್ಲಿ ಕೆಂಪು ಎಳೆ, ನಲವತ್ತು. ಮೂಲ: ಸಾಹೇಬರ ಸ್ವೆಟರ್. ಚಿಪ್ಪಿನಲ್ಲಿ ನೀಲಿ ಎಳೆ, ಮೂವತ್ತೆಂಟು. ಮೂಲ: ಸಾಹೇಬರ ಹಗ್ಗ."

ಆಮೇಲೆ ಸಹಿ ಹಾಕಿದಳು.